ಕಲ್ಲಿನ ಸಮಾನಧರ್ಮ

ಶಹಾಬಾದದ ಬಿಸಿಲಿನಲ್ಲಿ ಒಮ್ಮೆ ನನ್ನ ನೆರಳು ನನ್ನನ್ನು ನಡುರಸ್ತೆಯಲ್ಲೇ ಬಿಟ್ಟು ಬೇವಿನ ಮರದ ಕೆಳಗೆ ಹೋಗಿ ಕೂತುಬಿಟ್ಟಿತ್ತು. ಹೊತ್ತು ಇಳಿದ ಮೇಲೆ ಹೋಗಿ ಕರೆದುಕೊಂಡು ಬಂದೆ. ಇದನ್ನು ಆಟೋ ಸ್ಟ್ಯಾಂಡಿನಲ್ಲಿ ಹೇಳಿದರೆ ಉಳಿದ ಡ್ರೈವರುಗಳು ನಗುತ್ತಾರೆ. ನಡೆದದ್ದನ್ನು ಹೇಳಿದರೆ ಜನ ಯಾಕೆ ನಗುತ್ತಾರೋ ನನಗಂತೂ ತಿಳಿಯದು.

ನನ್ನ ತಂಗಿ ಲಾಲಮ್ಮ ಮಾತ್ರ ನಗುವ ಸ್ಥಿತಿಯಲ್ಲಿರಲಿಲ್ಲ. ಅವಳ ಮಗಳು ಲುಂಬಿನಿ ಎಸ್ಸೆಸ್ಸೆಲ್ಸಿಯಲ್ಲಿ ಗಣಿತ, ಇಂಗ್ಲಿಷು ಎಲ್ಲ ದಾಟಿ ಕನ್ನಡದಲ್ಲಿ ಬಿದ್ದಿದ್ದಳು. ಇನ್ನೊಂದು ಸಲ ಬರೆಯುವ ಅವಕಾಶವಿತ್ತು. ಪಾಸಾದರೆ ಗೆಳತಿ ಜಬೀನಾಳ ಜೊತೆ ಚಿತ್ತಾಪುರದ ಕಾಲೇಜು. ಇಲ್ಲದಿದ್ದರೆ ಚಿಂಚೋಳಿಯ ದೊಡ್ಡಮ್ಮನ ಮನೆಗೆ ಹೋಗಿ ಅವಳ ಮೊಮ್ಮಕ್ಕಳನ್ನು ಎತ್ತಿ ಆಡಿಸುವುದು. ದೊಡ್ಡಮ್ಮ ಆಗಲೇ ಬಟ್ಟೆ ತುಂಬಲು ಒಂದು ಬ್ಯಾಗು ಕಳಿಸಿದ್ದಳು. ಅದು ಗೂಟಕ್ಕೆ ನೇತಾಡುತ್ತಿತ್ತು.

"ಅಣ್ಣಾ, ಹುಡುಗಿಗಿ ಅಲಂಕಾರ ಹೇಳಿಕೊಡು."

"ನಾ ಆಟೋ ಹೊಡ್ಯಾಂವ. ನನಗೇನ್ ಗೊತ್ತದ?"

"ಇಲ್ಲದ್ದು ಇದ್ದಂಗ ಹೇಳೋದೇ ಅಲಂಕಾರ ಅಂತ. ಈ ಊರಾಗ ನಿನಗಿಂತ ಭಾಳ ಛಂದ ಯಾರ್ ಹೇಳ್ತಾರ?"

ಹೊಗಳಿದಳೋ ಬೈದಳೋ ವಿಚಾರಿಸದೆ ಕೂತೆ. ಲುಂಬಿನಿ ಗೈಡು ತೆಗೆದಳು.

"ಮಾಮಾ, ನಿನ್ನ ನೆರಳು ಗಿಡದ ಕೆಳಗ ಹೋಗಿ ಕುಂತಿತ್ತಲ್ಲ, ಅದು ಯಾವ ಅಲಂಕಾರ?"

"ಅದು ಅಲಂಕಾರ ಅಲ್ಲವ್ವ. ನಡದದ್ದು."

"ಹಂಗಾದ್ರ ನಿನ್ನಿಂದ ಏನೂ ಉಪಯೋಗ ಇಲ್ಲ ಬಿಡು."

ಒಂದೇ ಅಂಕಕ್ಕೆ ಅವಳನ್ನು ಕೆಡವಿದ್ದು ಒಂದು ಸಣ್ಣ ವಾಕ್ಯ: 'ಅವನ ಮನಸ್ಸು ಕಲ್ಲಿನಂತಿತ್ತು.' ಮನಸ್ಸನ್ನು ಕಲ್ಲಿಗೆ ಹೋಲಿಸಿದ್ದಾರೆ, ಆದ್ದರಿಂದ ಉಪಮಾಲಂಕಾರ. ಅಲ್ಲಿಯವರೆಗೆ ಅವಳು ಸರಿಯಾಗಿಯೇ ಬರೆದಿದ್ದಳು. ಎರಡರಲ್ಲೂ ಇರುವ ಒಂದೇ ಗುಣ ಯಾವುದೆಂದು ಹೇಳಬೇಕು, ಅದಕ್ಕೆ ಸಮಾನಧರ್ಮ ಅನ್ನುತ್ತಾರೆ. ಅಲ್ಲಿ ಲುಂಬಿನಿ 'ಪದರು ಬಿಡುವುದು' ಎಂದು ಬರೆದು ಬಂದಿದ್ದಳು.

ಅವಳಪ್ಪ ದೇವಿಂದ್ರ ಕಲ್ಲಿನ ಗಣಿಯಲ್ಲಿ ಫರ್ಸಿ, ಅಂದರೆ ಚಪ್ಪಟೆ ಹಾಸುಗಲ್ಲು, ಬಿಡಿಸುವವನು. ಅವರ ಮನೆಯ ನೆಲ ಫರ್ಸಿ, ಗೋಡೆ ಫರ್ಸಿ, ಮೇಲಿನ ಚಾವಣಿಯೂ ಫರ್ಸಿ. ಅಪ್ಪನಿಗೆ ಬುತ್ತಿ ಒಯ್ದಾಗಲೆಲ್ಲ ಅವಳು ನೋಡಿದ್ದು ಒಂದೇ: ಅವನು ಬಂಡೆಯ ಎಳೆ ಹುಡುಕುತ್ತಾನೆ, ಉಳಿ ಇಡುತ್ತಾನೆ, ಮೆಲ್ಲಗೆ ತಟ್ಟುತ್ತಾನೆ. ಕಲ್ಲು ಹಾಸಿಗೆ ಮಡಿಕೆ ಬಿಚ್ಚಿದ ಹಾಗೆ ಬಿಡುತ್ತದೆ.

"ಅಪ್ಪನ ಸಿಟ್ಟೂ ಹಂಗೇ ಅಲ್ಲಾ ಮಾಮಾ? ಜಾಗಾ ನೋಡಿ ಮಾತಾಡಿದ್ರ ಬಿಡ್ತದ. ನಾ ಬರದದ್ರಾಗ ತಪ್ಪೇನದ?"

ನನಗೆ ತಪ್ಪು ಸಿಗಲಿಲ್ಲ. ಅವಳ ಶಾಲೆಯ ಕನ್ನಡ ಮಾಸ್ತರರಾದ ಶರಣಬಸಪ್ಪ ಸರ್ ಬಳಿ ಹೋದೆ. ಅವರು ಕರೆಂಟು ಹೋದ ಫ್ಯಾನಿನ ಕೆಳಗೆ ಕೂತಿದ್ದರು.

"ಹುಡುಗಿ ಬರದದ್ದು ಛಂದ ಅದರಿ," ಎಂದರು. "ಆದ್ರ ಬೋರ್ಡಿನವರ ಕೀ ಉತ್ತರದಾಗ 'ಕಾಠಿಣ್ಯ' ಅಂತ ಅದ. ಪೇಪರ ತಿದ್ದೋರು ಯಾವ ಕಡಿಯೋರೋ, ಅವರ ಕಡೀಗಿ ಕಲ್ಲು ಹ್ಯಾಂಗ ಇರ್ತಾವೋ."

"ನೀವೊಂದು ಮಾತು ಹೇಳಿ ನೋಡ್ರಿ, ಸರ್."

"ಯಾರಿಗಿ ಹೇಳ್ಲಿ? ನಾ ತಿದ್ದಲಿಕ್ಕ ಹೋದಾಗೂ ಕೀ ನೋಡಿ, ಅದು ಹೇಳಿದಂಗ ಸೊನ್ನಿ ಹಾಕಿ ಬಂದೀನಿ. ಬಾಯಿಪಾಠ ಮಾಡಸ್ರಿ. ಬ್ಯಾರೆ ದಾರಿ ಇಲ್ಲ."

ಮಾಡಿಸಿದೆ. ಲುಂಬಿನಿ ನೀರು ತುಂಬುತ್ತಾ, ರೊಟ್ಟಿ ಬಡಿಯುತ್ತಾ 'ಕಾಠಿಣ್ಯ, ಕಾಠಿಣ್ಯ' ಎಂದಳು. ಎಷ್ಟೆಂದರೆ ಮನೆಯ ಆಡು 'ಮೇ' ಅನ್ನುವುದನ್ನು ಬಿಟ್ಟು 'ಕಾ' ಅನ್ನಹತ್ತಿತು. ಇದೂ ನಡೆದದ್ದೇ. ಬೇಕಿದ್ದರೆ ಆಡನ್ನೇ ಕೇಳಬಹುದು.

ಪರೀಕ್ಷೆಯ ದಿನ ನಾನೇ ಆಟೋದಲ್ಲಿ ಚಿತ್ತಾಪುರದ ಕೇಂದ್ರಕ್ಕೆ ಬಿಟ್ಟೆ. ಹೊರಗೆ ಬಂದವಳನ್ನು ಕೇಳಿದೆ:

"ಕಲ್ಲು ಬಂದಿತ್ತೇನು?"

"ಬಂದಿತ್ತು."

ಅಷ್ಟೇ. ವಾಡಿಯ ದಾರಿ ಹಿಡಿದೆ. ಕನ್ನಡಿಯಲ್ಲಿ ನೋಡಿದರೆ ರಸ್ತೆಬದಿ ಒಟ್ಟಿದ್ದ ಫರ್ಸಿಗಳ ಕಡೆ ಬೆನ್ನು ತಿರುಗಿಸಿ ಕೂತಿದ್ದಳು.

ರಿಸಲ್ಟು ಬಂತು. ಕನ್ನಡ ಪಾಸು. ಲಾಲಮ್ಮ ಗೂಟದ ಮೇಲಿನ ಬ್ಯಾಗು ಇಳಿಸಿ, ಅದರಲ್ಲಿ ಒಂದಿಷ್ಟು ಬೇಳೆ ಹಾಕಿ ಚಿಂಚೋಳಿ ಬಸ್ಸಿಗೆ ಕಳಿಸಿದಳು. ದೇವಿಂದ್ರ ಗಣಿಯಿಂದ ಬರುತ್ತಾ ಪೇಡೆ ತಂದ. ಹುಬ್ಬಿನ ಮೇಲಿನ ಧೂಳು ಕೂಡ ಒರೆಸಿರಲಿಲ್ಲ.

"ಈ ಸಲ ಕಲ್ಲಿಗಿ ಏನ್ ಬರದಿದ್ದೆವ್ವಾ?"

ಲುಂಬಿನಿ ಕಾಲ್ಬೆರಳಿನಿಂದ ನೆಲ ಕೆರೆದಳು. "ಗಟ್ಟಿ ಇರ್ತದ, ಏನ್ ಮಾಡಿದ್ರೂ ಬಿಡಲ್ಲ ಅಂತ ಬರದೀನಪ್ಪಾ."

ದೇವಿಂದ್ರ ತಲೆ ಎತ್ತಿ ಚಾವಣಿಯ ಫರ್ಸಿಗಳನ್ನು ಒಂದೊಂದಾಗಿ ನೋಡಿದ. ಎಲ್ಲವೂ ಅವನೇ ಬಿಡಿಸಿದವು. ನಾನು ಯಾವುದಾದರೂ ಕತೆ ಹೇಳಿ ಮಾತು ತಿರುಗಿಸೋಣವೆಂದುಕೊಂಡೆ. ಒಂದೂ ನೆನಪಾಗಲಿಲ್ಲ.

"ನಮ್ಮ ಕಲ್ಲಿಗೇನು?"

"ಇಲ್ಲಪ್ಪಾ. ಪೇಪರದಾಗಿನ ಕಲ್ಲಿಗಿ."

"ಹಾಂ." ಪೇಡೆ ಅವನ ಕೈಯಲ್ಲೇ ಇತ್ತು. "ಅದು ನಾ ನೋಡಿಲ್ಲ. ಇರಬೋದು."