ಬೀಗರ ಮನೆಯ ಗ್ರಾಮಫೋನ್

ಕನ್ನಡಕದ ಅಂಗಡಿಯ ಕೀಲಣ್ಣನಿಗೆ ಆ ಭಾನುವಾರ ನಿಂತಲ್ಲಿ ನಿಲ್ಲಲಾಗಲಿಲ್ಲ, ಕೂತಲ್ಲಿ ಕೂರಲಾಗಲಿಲ್ಲ. ಅಂಗಡಿಯ ಹಿಂದಿನ ಕೋಣೆಯ ಕುರ್ಚಿಗಳನ್ನು ಅತ್ತ ಸರಿಸಿದ, ಇತ್ತ ಸರಿಸಿದ, ಕೊನೆಗೆ ಮೊದಲಿದ್ದ ಜಾಗಕ್ಕೇ ತಂದಿಟ್ಟ. ಕಣ್ಣು ಪರೀಕ್ಷೆ ಮಾಡುವ ಅಕ್ಷರಗಳ ಪಟ ಗೋಡೆಯ ಮೇಲೆ ನೆಟ್ಟಗೇ ಇತ್ತು. ಅದು ಸೊಟ್ಟಗಿದೆ ಅನ್ನಿಸಿ ಮುಟ್ಟಿ, ನಿಜಕ್ಕೂ ಸೊಟ್ಟ ಮಾಡಿದ.

ಕೀಲಣ್ಣ ಎನ್ನುವುದು ಹೆತ್ತವರು ಇಟ್ಟ ಹೆಸರಲ್ಲ, ರೋಬೋ ಆಟಿಕೆ ಕೂಡಿಡುವ ಗೆಳೆಯರು ಇಟ್ಟದ್ದು. ರೋಬೋ ಎಂದರೆ ಸುಮ್ಮನೆ ನಿಲ್ಲುವ ಗೊಂಬೆಯಲ್ಲ. ಕೈಕಾಲು ಮಡಚಿ, ಸೊಂಟ ತಿರುಗಿಸಿ, ತಲೆಯನ್ನು ಒಳಕ್ಕೆ ತಳ್ಳಿದರೆ ಲಾರಿಯೋ ವಿಮಾನವೋ ಆಗಿಬಿಡುವ ಜಾತಿ. ಇಂಥದರ ಕೀಲನ್ನು ಕಿವಿಯ ಹತ್ತಿರ ಹಿಡಿದು ಒಮ್ಮೆ ತಿರುಗಿಸಿದರೆ ಸಾಕು, ಅದು ಬಾಳುತ್ತದೋ ಬಾಳುವುದಿಲ್ಲವೋ ಎಂದು ಇವನು ಹೇಳಿಬಿಡುತ್ತಿದ್ದ. ಹೇಳಿದ್ದು ಸುಳ್ಳಾದದ್ದು ಕಡಿಮೆ. ನಲವತ್ತು ದಾಟಿದ ಗಂಡಸಿಗೆ ಇದೂ ಒಂದು ಹೆಚ್ಚುಗಾರಿಕೆಯೇ ಎಂದು ಮೂಗು ಮುರಿಯುವವರು ಮುರಿಯಲಿ. ಅವನಿಗಂತೂ ಆ ಹೆಸರೇ ಆಸ್ತಿ.

ಪ್ರತಿ ಭಾನುವಾರ ನಾಲ್ವರು ಸೇರುತ್ತಿದ್ದರು. ಕೀಲಣ್ಣ, ಒಬ್ಬ ಬಸ್ ಡ್ರೈವರ್, ಆಸ್ಪತ್ರೆಯ ನರ್ಸಕ್ಕ, ಮತ್ತೆ ಡಬ್ಬಿರಾಯ. ಈ ಡಬ್ಬಿರಾಯ ಕೊಂಡ ಆಟಿಕೆಯನ್ನು ಡಬ್ಬಿಯಿಂದ ಹೊರಗೆ ತೆಗೆದವನೇ ಅಲ್ಲ, ಹಾಗೇ ಸಾಲಾಗಿ ಜೋಡಿಸಿಟ್ಟು ದೂರದಿಂದ ನೋಡಿ ಸುಖಪಡುವವನು. ಹೊಸ ರೋಬೋ ಮೇಜಿನ ಮೇಲೆ ಬರಬೇಕು, ಕೈಯಾಡಿಸಿ ನೋಡಬೇಕು, ಆಮೇಲೆ 'ಒಳಗೆ' ಅಥವಾ 'ಹೊರಗೆ' ಎಂದು ತೀರ್ಪು ಕೊಡಬೇಕು. ಡಬ್ಬಿಯೊಳಗಿನ ಸೂಚನೆಯ ಹಾಳೆಯನ್ನು ಮಾತ್ರ ಯಾರೂ ಬಿಚ್ಚಬಾರದು. ಬಿಚ್ಚಿದವನಿಗೆ "ಮಗ್ಗಿ ಪುಸ್ತಕ ನೋಡ್ಕೊಂಡು ಎರಡೊಂದ್ಲ ಎರಡು ಅಂತೀಯಾ?" ಎಂದು ಡ್ರೈವರು ಮಾನ ಕಳೆಯುತ್ತಿದ್ದ. ಇದೆಲ್ಲವೂ ನರ್ಸಕ್ಕನ ಫೋನಿನಲ್ಲಿ ನೇರಪ್ರಸಾರ. ನೋಡುವವರು ಸಾವಿರಾರು ಮಂದಿ. ಇಲ್ಲಿ 'ಹೊರಗೆ' ಅನ್ನಿಸಿಕೊಂಡದ್ದು ಅಂಗಡಿಗಳಲ್ಲಿ ಧೂಳು ತಿನ್ನುತ್ತಿತ್ತು.

ಒಂದು ಕಂಪನಿಯ ರೋಬೋಗೆ ಇನ್ನೊಂದು ಕಂಪನಿಯ ಶೂ, ಸಿನಿಮಾದ ಕಾರು, ಯಾರೋ ತಾರೆಯ ಹೆಸರು ಅಂಟಿಸಿ ಬರುವ ಆಟಿಕೆಗಳನ್ನು ಇವರು 'ಬೀಗರು' ಎಂದು ಕರೆಯುತ್ತಿದ್ದರು. ಎರಡು ಮನೆ ಸೇರಿ ಮಾಡಿದ ಸಂಬಂಧ, ಮೇಲೆ ಮೇಲೆ ನಗು, ಒಳಗೊಳಗೆ ಕಿತಾಪತಿ ಎಂಬುದು ಅವರ ಲೆಕ್ಕಾಚಾರ. ಬೀಗರು ಬಂದರೆಂದರೆ ಡ್ರೈವರಿನ ನಾಲಿಗೆಗೆ ಹಬ್ಬ. ಆ ಭಾನುವಾರ ಬರಲಿದ್ದವರು ಅಂಥಿಂಥ ಬೀಗರಲ್ಲ. ಹೆಸರಾಂತ ಗಾಯಕನೊಬ್ಬ 'ತಾನೇ ವಿನ್ಯಾಸ ಮಾಡಿದ' ರೋಬೋ, ಮಡಚಿದರೆ ಹಳೆಯ ಕಾಲದ ಗ್ರಾಮಫೋನ್ ಆಗುವಂಥದು.

ಆ ಗಾಯಕ ಮಾಡಿದ್ದು ಎರಡೇ ಕೆಲಸ. ನೇರಳೆ ಬಣ್ಣ ಇರಲಿ ಎಂದದ್ದು ಒಂದು, ಡಬ್ಬಿಯ ಮೇಲೆ ಸಹಿ ಹಾಕಿದ್ದು ಇನ್ನೊಂದು. ಮಿಕ್ಕಿದ್ದಷ್ಟನ್ನೂ ಮಾಡಿದವಳು ಕೀಲಣ್ಣನ ತಂಗಿ. ಆಟಿಕೆ ಕಂಪನಿಯಲ್ಲಿ ಮಾದರಿ ಕೊರೆಯುವ ಕೆಲಸ ಅವಳದು. ಬೆರಳ ತುದಿಯ ತುಂಬ ಬ್ಲೇಡಿನ ಗೀರು. ಹೊರಗೆ ಬಾಯಿಬಿಟ್ಟರೆ ಕೆಲಸ ಹೋಗುತ್ತದೆ, ಹಾಗೆಂದು ಕಂಪನಿ ಬರೆಸಿಕೊಂಡಿತ್ತು. ಅಣ್ಣನಿಗೊಬ್ಬನಿಗೇ ಹೇಳಿದ್ದಳು. "ಇದು ಗೆದ್ರೆ ಮುಂದಿನದು ನಂದೇ ಅಂತೆ ಅಣ್ಣಾ, ನನ್ನ ಹೆಸರೇ ಹಾಕ್ತಾರಂತೆ. ಸೋತ್ರೆ ನಮ್ಮ ವಿಭಾಗಾನೇ ಮುಚ್ತಾರೆ. ನೀನೇನೂ ಹೊಗಳಬೇಡ. ಸರಿಯಾಗಿ ನೋಡು, ಅಷ್ಟೇ."

ಸರಿಯಾಗಿ ನೋಡುವುದು ಅಷ್ಟು ಸುಲಭವೇ? ಚೆನ್ನಾಗಿದೆ ಎಂದರೆ ನಾಳೆ ಯಾರಾದರೂ ವಾಸನೆ ಹಿಡಿದು "ತಂಗಿ ಮಾಡಿದ್ದಕ್ಕೇ ಹೊಗಳಿದ" ಎನ್ನಬಹುದು. ಚೆನ್ನಾಗಿಲ್ಲ ಎಂದರೆ ತಂಗಿಯ ಅನ್ನ ಕಿತ್ತಂತೆ. ನಾನಿಲ್ಲ, ಇವತ್ತು ತಲೆನೋವು ಎಂದು ಮನೆಯಲ್ಲಿ ಮಲಗಿದ್ದರೆ ಯಾರ ಗಂಟು ಹೋಗುತ್ತಿತ್ತು? ಆದರೆ ಹೆಸರಿನ ಚಪಲ ನೋಡಿ, ಮೇಜಿನ ಮುಂದೆ ತಾನೇ ಕೂರಬೇಕು ಅವನಿಗೆ.

ಡ್ರೈವರು ಬಂದವನೇ ಶುರು ಮಾಡಿದ. "ಹಾಡೋರು ರೋಬೋ ಮಾಡಿದ್ರೆ, ನಾಳೆ ನಾನು ಆಪರೇಷನ್ ಮಾಡ್ತೀನಿ, ನರ್ಸಕ್ಕ ಬಸ್ ಓಡಿಸ್ಲಿ!"

"ನಿಮಗಿಂತ ನೆಟ್ಟಗೆ ಓಡಿಸ್ತೀನಿ ಬಿಡಿ" ಎಂದಳು ನರ್ಸಕ್ಕ, ಫೋನನ್ನು ಸ್ಟ್ಯಾಂಡಿಗೆ ಸಿಕ್ಕಿಸುತ್ತ.

ಎಲ್ಲರೂ ನಕ್ಕರು. ಕೀಲಣ್ಣ ಎಲ್ಲರಿಗಿಂತ ಜೋರಾಗಿ ನಕ್ಕ. ನಕ್ಕ ಮೇಲೆ ಫೋನಿನ ಕಡೆ ನೋಡಿದ, ನೇರಪ್ರಸಾರ ಆಗಲೇ ಶುರುವಾಗಿತ್ತು. ತಂಗಿ ಇದನ್ನು ನೋಡುತ್ತಿದ್ದಾಳೆ ಎಂದು ಅವನಿಗೆ ಗೊತ್ತಿತ್ತು.

ರೋಬೋವನ್ನು ಕೈಗೆತ್ತಿಕೊಂಡ. ಹೆಗಲ ಮೇಲೆ ಹೊದ್ದ ಮೇಲಂಗಿಯ ಹಾಗಿದ್ದ ದಳಗಳು ಬಿಚ್ಚಿಕೊಂಡರೆ ಗ್ರಾಮಫೋನಿನ ಕಹಳೆಯಾಗುತ್ತವೆ. ಕಾಲು ಮಡಚಿದರೆ ಪೆಟ್ಟಿಗೆ. ನಡುವೆ ಸೊಂಟ ತಿರುಗಬೇಕು. ತಿರುಗಿಸಿದ. ತಡೆಯಿತು. ಇನ್ಯಾವತ್ತಾದರೂ ಆಗಿದ್ದರೆ ಅಲ್ಲೇ ನಿಲ್ಲಿಸಿ, ತಲೆ ಓರೆ ಮಾಡಿ, ಬೆರಳಿಂದ ಸುತ್ತ ತಡವಿ ನೋಡುತ್ತಿದ್ದ. ತಡೆದಲ್ಲಿ ನಿಲ್ಲುವುದೇ ಅವನ ವಿದ್ಯೆ. ಇವತ್ತು ನಿಂತರೆ ನಾಜೂಕು ಮಾಡಿದಂತಾಗುತ್ತದೆ, ಮಮತೆ ಎದ್ದು ಕಾಣುತ್ತದೆ ಎಂಬ ದಿಗಿಲಿಗೆ ಅವನ ಕೈ ಒರಟಾಯಿತು. ಇನ್ನಷ್ಟು ಒತ್ತಿದ. ಟಪ್ ಎಂದಿತು.

ಸೊಂಟದ ಕೀಲು ಬೆಳ್ಳಗೆ ಬಿರುಕು ಬಿಟ್ಟು ಮುರಿದಿತ್ತು.

"ನೋಡಿದ್ರೇನ್ರಪ್ಪಾ!" ಎಂದು ಡ್ರೈವರು ಕುರ್ಚಿಯಿಂದಲೇ ಎದ್ದ. "ಕೀಲಣ್ಣನ ಕೈಲೇ ಉಳೀದೇ ಇರೋದು ನಮ್ಮ ಕೈಲಿ ಉಳಿಯುತ್ತಾ? ಹೊರಗೆ!"

"ಹೊರಗೆ" ಎಂದಳು ನರ್ಸಕ್ಕ. ಡಬ್ಬಿರಾಯ ಮುರಿದದ್ದನ್ನು ನೋಡಲಾರದೆ ಕಣ್ಣು ಮುಚ್ಚಿಕೊಂಡು "ಹೊರಗೆ" ಎಂದ. ಎಲ್ಲರೂ ಕೀಲಣ್ಣನ ಬಾಯಿ ನೋಡಿದರು. ಅವನೂ ಅದನ್ನೇ ಹೇಳಿದ.

ಮಧ್ಯಾಹ್ನ ಅವನೇ ತಂಗಿಗೆ ಫೋನು ಮಾಡಿದ. ಅವಳು ಕೂಗಾಡುತ್ತಾಳೆ ಎಂದುಕೊಂಡಿದ್ದ. ಕೂಗಾಡಿದ್ದರೆ ಎಷ್ಟೋ ಚೆನ್ನಾಗಿತ್ತು.

"ಪಕ್ಕದಲ್ಲಿ ಕೀ ಕೊಡೋ ಹಿಡಿ ಇದೆಯಲ್ಲಾ, ಅದನ್ನ ಸ್ವಲ್ಪ ಹೊರಗೆ ಎಳೀಬೇಕಿತ್ತು. ಎಳೆದ್ರೆ ಸೊಂಟ ತಾನಾಗೇ ಬಿಡುತ್ತೆ" ಎಂದಳು. "ಹಾಳೇಲಿ ಬರ್ದಿದೆ. ಆದ್ರೆ ನೀವು ಓದಲ್ಲ ಅಂತ ನಂಗೆ ಗೊತ್ತಿಲ್ವಾ? ಅದಕ್ಕೇ ಅಲ್ಲಿ ತಡೆಯೋ ಹಾಗೆ ಮಾಡಿದ್ದು. ತಡೆದ್ರೆ ನಮ್ಮಣ್ಣ ನಿಲ್ಲಿಸ್ತಾನೆ ಅನ್ಕೊಂಡಿದ್ದೆ. ನಿನ್ನ ಕೈಗೆ ಗೊತ್ತಾಗ್ಲಿಲ್ವಾ ಅಣ್ಣಾ?"

"ಗೊತ್ತಾಯ್ತು" ಎಂದ ಕೀಲಣ್ಣ. ಸುಳ್ಳು ಹೇಳಲು ಬಾಯಿ ಬರಲಿಲ್ಲ.

ಅವಳು ಫೋನ್ ಇಟ್ಟಳು.

ಆ ವಾರವೆಲ್ಲ ಅವನು ಮುಳ್ಳಿನ ಮೇಲೆ ಕೂತಂತೆ ಕೂತ. ಯಾರದೋ ಕನ್ನಡಕದ ಬಲಗಾಜನ್ನು ಎಡಕ್ಕೆ ಹಾಕಿ ಬೈಸಿಕೊಂಡ. ಕಾಳಿನಷ್ಟಿರುವ ತಿರುಪುಗಳು ಕೈಜಾರಿ ಉರುಳುತ್ತಿದ್ದವು, ಮೊಣಕಾಲೂರಿ ಹುಡುಕುತ್ತಿದ್ದ. ಹೆಂಡತಿ ಊಟಕ್ಕೆ ಕರೆದರೆ ಎದ್ದು ಬಾಗಿಲ ಕಡೆ ಹೋಗುತ್ತಿದ್ದ. "ನಿಮ್ಮ ತಲೆ ಯಾವ ಡಬ್ಬೀಲಿದೆ ಇವತ್ತು?" ಎಂದು ಅವಳು ರೇಗುತ್ತಿದ್ದಳು. ಕೊನೆಗೆ ಆಟಿಕೆ ಅಂಗಡಿಗೆ ಹೋಗಿ ಇನ್ನೊಂದು ಗ್ರಾಮಫೋನ್ ರೋಬೋ ಕೊಂಡು ತಂದ. ಮಾರುವವನು "ಇದಾ? ಯಾರೂ ಕೇಳ್ತಿಲ್ಲ ಸಾರ್" ಎಂದು ನಕ್ಕ.

ಮುಂದಿನ ಭಾನುವಾರ ಅದನ್ನು ಮೇಜಿನ ಮೇಲಿಟ್ಟು, ನೇರಪ್ರಸಾರ ಶುರುವಾದ ಕೂಡಲೇ ಹೇಳಿದ. "ಹೋದ ವಾರ ಅದು ಮುರೀಲಿಲ್ಲ. ನಾನು ಮುರಿದೆ. ತಡೀತಾ ಇದೆ ಅಂತ ಗೊತ್ತಾಗಿಯೂ ಒತ್ತಿದೆ."

ಡ್ರೈವರು ಹುಬ್ಬು ಗಂಟಿಕ್ಕಿದ. "ಯಾಕೆ ಒತ್ತಿದ್ರಿ?"

ಅದೇ ಪ್ರಶ್ನೆ ಬರುತ್ತದೆಂದು ಗೊತ್ತಿತ್ತು, ಉತ್ತರವೂ ನಾಲಿಗೆಯ ತುದಿಯಲ್ಲೇ ಇತ್ತು. ಹೇಳಿದರೆ ತಂಗಿಯ ಕೆಲಸಕ್ಕೆ ಎಳ್ಳುನೀರು. "ಸುಮ್ನೆ" ಎಂದ.

"ಸುಮ್ನೇನಾ? ಗಾಯಕನ ಕಡೆಯೋರು ಬಂದು ಹೋದ್ರಾ ಅಂಗಡಿಗೆ?" ಡ್ರೈವರಿನ ದನಿಯಲ್ಲಿ ತಮಾಷೆ ಇರಲಿಲ್ಲ. "ತಿಪ್ಪೆ ಸಾರಿಸಬೇಡಿ ಕೀಲಣ್ಣ. ಇಷ್ಟು ವರ್ಷ ನಿಮ್ಮ ಮಾತು ನಂಬಿದ್ವಿ."

ಕೀಲಣ್ಣನ ಕಿವಿ ಸುಟ್ಟಂತಾಯಿತು. ಎದ್ದು ಹೋಗಿಬಿಡೋಣ ಅನ್ನಿಸಿತು, ಕಾಲು ಆಗಲೇ ಬಾಗಿಲ ಕಡೆ ತಿರುಗಿತ್ತು. ಹಲ್ಲು ಕಚ್ಚಿ ಕೂತ. "ನನ್ನ ಮಾತು ಬೇಡ. ನೀವೇ ಮಾಡಿ ನೋಡಿ" ಎಂದು ರೋಬೋವನ್ನು ಡ್ರೈವರಿನ ಮುಂದಕ್ಕೆ ತಳ್ಳಿದ.

ಸುಳ್ಳೆಂದು ತೋರಿಸಿಯೇ ತೀರುತ್ತೇನೆ ಎನ್ನುವ ಹಟದಲ್ಲಿ ಡ್ರೈವರು ತೋಳು ಮಡಚಿದ. ಕಾಲು ಮಡಚಿದ, ಸೊಂಟ ತಿರುಗಿಸಿದ, ತಡೆಯಿತು. ಗೇರು ಬೀಳದಿದ್ದರೆ ಬಲವಂತ ಮಾಡದ ಕೈ ಅದು, ಅಲ್ಲೇ ನಿಂತಿತು. ಬೆರಳುಗಳು ಅತ್ತಿತ್ತ ತಡಕಾಡಿ ಪಕ್ಕದ ಹಿಡಿಗೆ ತಗುಲಿದವು, ಎಳೆದವು. ಸೊಂಟ ತಾನಾಗಿಯೇ ಸರ್ರನೆ ತಿರುಗಿತು. ಅದರ ಹಿಂದೆಯೇ ಹೆಗಲ ದಳಗಳು ಒಂದೊಂದಾಗಿ ಬಿಚ್ಚಿ ಕಹಳೆಯಾಗಿ ನಿಂತವು.

ಡ್ರೈವರು ಅದನ್ನು ಕಣ್ಣೆತ್ತರಕ್ಕೆ ಹಿಡಿದು ನೋಡಿದ. ಮತ್ತೆ ರೋಬೋ ಮಾಡಿದ, ಮತ್ತೆ ಗ್ರಾಮಫೋನ್ ಮಾಡಿದ. ನರ್ಸಕ್ಕ "ನಂಗೂ ಕೊಡ್ರೀ" ಎಂದು ಕಿತ್ತುಕೊಳ್ಳಬೇಕಾಯಿತು. ಅವಳಾದ ಮೇಲೆ ಡಬ್ಬಿರಾಯ ಕೈಚಾಚಿದ್ದನ್ನು ಕಂಡು ಎಲ್ಲರೂ ಬೆರಗಾದರು. ಒಂದು ಆಟಿಕೆಯನ್ನೂ ಮುಟ್ಟದ ಆ ಮನುಷ್ಯ ದಳಗಳು ಬಿಚ್ಚಿಕೊಳ್ಳುವಾಗ ಮಗುವಿನ ಹಾಗೆ ಬಾಯಿ ತೆರೆದುಕೊಂಡಿದ್ದ.

"ಒಳಗೆ" ಎಂದ ಡ್ರೈವರು. ಮಿಕ್ಕವರೂ ಅದನ್ನೇ ಅಂದರು. ಕೀಲಣ್ಣ ಬಾಯಿ ತೆರೆಯುವಷ್ಟರಲ್ಲಿ ಡ್ರೈವರು ಕೈ ಅಡ್ಡ ಹಿಡಿದ. "ನಿಮ್ಮದು ಬೇಡ. ವಾರವಾರ ಬನ್ನಿ, ಕೂತ್ಕೊಳ್ಳಿ, ನೋಡಿ. ಇನ್ಮೇಲೆ ತೀರ್ಪು ಬೇಡ." ಆಮೇಲೆ ಫೋನಿನ ಕಡೆ ತಿರುಗಿ ಹೇಳಿದ. "ಆ ಗಾಯಕನನ್ನ ಆಡ್ಕೊಂಡಿದ್ದೆ, ತಪ್ಪಾಯ್ತು. ಹಾಡೋದಷ್ಟೇ ಅಲ್ಲ, ತಲೇನೂ ಇದೆ ಪುಣ್ಯಾತ್ಮನಿಗೆ. ಎಂಥಾ ಕೈ!"

ಎಲ್ಲರೂ ಚಪ್ಪಾಳೆ ತಟ್ಟಿದರು. ಕೀಲಣ್ಣನೂ ತಟ್ಟಿದ. ಹೆಸರು ಹೋದದ್ದಕ್ಕೆ ಅಳು ಬರಲಿಲ್ಲ. ಆ ಹೊಗಳಿಕೆ ಬೇರೆ ಮನೆಯ ಬಾಗಿಲಿಗೆ ಹೋಗಿ ಬಿದ್ದದ್ದನ್ನು ಮಾತ್ರ ಸಹಿಸಲಾಗಲಿಲ್ಲ.

ವಾರದ ನಡುವೆ ತಂಗಿಯೇ ಅಂಗಡಿಗೆ ಬಂದಳು. ಅಂಗಡಿಗಳಲ್ಲಿ ಗ್ರಾಮಫೋನ್ ರೋಬೋ ಒಂದೂ ಉಳಿದಿಲ್ಲವಂತೆ. ಅವಳ ವಿಭಾಗ ಮುಚ್ಚುವುದಿಲ್ಲವಂತೆ. ಕೀಲಣ್ಣ ಕೈಯಲ್ಲಿದ್ದ ಫ್ರೇಮನ್ನು ಕೆಳಗಿಟ್ಟು, "ಹಾಗಾದ್ರೆ ಮುಂದಿನದು ನಿಂದು!" ಎಂದ.

"ಮುಂದಿನದನ್ನೂ ನಾನೇ ಮಾಡೋದು" ಎಂದಳು ತಂಗಿ. ಗಾಜಿನ ಕಪಾಟಿನೊಳಗಿನ ಕನ್ನಡಕಗಳನ್ನು ನೋಡುತ್ತಿದ್ದಳು, ಅಣ್ಣನ ಮುಖವನ್ನಲ್ಲ. "ಆ ಗಾಯಕನ ಹೆಸರಲ್ಲಿ. ಅವನ ಹೆಸರಿಗೇ ಇಷ್ಟು ಮಾರಾಟ ಆಗಿದ್ದು ಅಂತಾರೆ. ಅವತ್ತು ನಿಮ್ಮ ಡ್ರೈವರು 'ಎಂಥಾ ಕೈ' ಅಂದ್ರಲ್ಲ, ಅದನ್ನೇ ಮೀಟಿಂಗಲ್ಲಿ ಎಲ್ಲರಿಗೂ ಹಾಕಿ ತೋರಿಸಿದ್ರು."

"ನೀನೇನಂದೆ?"

"ಹೂಂ ಅಂದೆ. ಇನ್ನೇನನ್ಲಿ?"

ಕೀಲಣ್ಣನಿಗೆ ಏನಾದರೂ ಹೇಳಬೇಕಿತ್ತು. ಕೌಂಟರಿನ ಈ ತುದಿಯಿಂದ ಆ ತುದಿಗೆ ಹೋದ, ತಿರುಗಿ ಬಂದ, ಮತ್ತೆ ಹೋದ. ಬೀದಿಗೆ ಇಳಿದು 'ಅದು ನನ್ನ ತಂಗಿ ಮಾಡಿದ್ದು ಕಣ್ರೋ' ಎಂದು ಕೂಗಬೇಕು ಅನ್ನಿಸಿತು. ಕೂಗಿದರೆ ಅವಳ ಕೆಲಸ ಹೋಗುತ್ತದೆ, ಅಷ್ಟೇ ಅಲ್ಲ, ಕೀಲಣ್ಣನ ಮಾತನ್ನು ಈಗ ಯಾರೂ ನಂಬುವುದೂ ಇಲ್ಲ.

"ಕೂತ್ಕೊಳ್ಳಣ್ಣಾ, ತಲೆ ಸುತ್ತುತ್ತೆ ನಿನ್ನ ನೋಡಿದ್ರೆ" ಎಂದಳು ತಂಗಿ, ಬ್ಯಾಗಿನಿಂದ ಬಿಳಿ ಪ್ಲಾಸ್ಟಿಕ್ಕಿನ ಅರೆಬರೆ ಮಾದರಿಯೊಂದನ್ನು ತೆಗೆಯುತ್ತ. "ಹೊಸದು. ಇನ್ನೂ ಯಾರಿಗೂ ತೋರಿಸಿಲ್ಲ. ಈ ಭುಜ ಸರಿಯಾಗಿ ಕೂರ್ತಿಲ್ಲ, ನೋಡು."

ಅವನು ಕೂತ. ಅವಳು ಮಾದರಿಯನ್ನು ಅವನ ಕೈಗಿಟ್ಟಳು. ಆಮೇಲೆ ಅವನು ಭುಜವನ್ನು ಕಿವಿಯ ಹತ್ತಿರ ಹಿಡಿದು, ಮೆಲ್ಲಗೆ, ತಡೆಯುವವರೆಗೆ ಮಾತ್ರ ತಿರುಗಿಸಿದ.