ಬಾಗಿಲ ಹಿಂದಿನ ಮೆಂಬರು

ಬಾಳೆಕಜೆ ಪಂಚಾಯತಿಗೆ ಒಂಬತ್ತು ಮಂದಿ ಮೆಂಬರುಗಳು. ಏಳು ಗಂಡಸರು, ಇಬ್ಬರು ಹೆಂಗಸರು. ಹೆಂಗಸರಿಬ್ಬರು ಇರಲೇಬೇಕು ಎಂದು ಮೈಸೂರು ಸರಕಾರ ಹೊಸ ಕಾನೂನು ಮಾಡಿತ್ತು. ಇರಬೇಕು ಎಂದಿತ್ತೇ ಹೊರತು ಎಲ್ಲಿ ಇರಬೇಕು ಎಂದು ಬರೆದಿರಲಿಲ್ಲ. ಹಾಗಾಗಿ ಗುಡ್ಡೆಯ ಮೇಲಿನ ರುಖಿಯಮ್ಮ ಮಂಡಿನೋವೆಂದು ಮನೆಯಲ್ಲೇ ಇರುತ್ತಿದ್ದರು. ತಿಮ್ಮಕ್ಕ ಮೀಟಿಂಗಿನ ಕೋಣೆಗೆ ತಾಗಿದ ಉಗ್ರಾಣದಲ್ಲಿ, ಅರ್ಧ ಮುಚ್ಚಿದ ಬಾಗಿಲ ಹಿಂದೆ, ಚಾಪೆಯ ಮೇಲೆ ಇರುತ್ತಿದ್ದಳು.

ಯಾಕೆ ಬಾಗಿಲ ಹಿಂದೆ ಎಂದರೆ, ಚೇರ್ಮನ್ ಜತ್ತಪ್ಪ ಗೌಡರು ಅವಳಿಗೆ ಭಾವ, ಗಂಡ ದೇರಣ್ಣನ ಅಣ್ಣ. ತಮ್ಮನ ಹೆಂಡತಿ ಭಾವನಿಗೆ ಮುಖ ಕೊಟ್ಟು ಮಾತಾಡಬಾರದು, ಅವರ ಎದುರು ಮಣೆಯ ಮೇಲಾಗಲಿ ಕುರ್ಚಿಯ ಮೇಲಾಗಲಿ ಕೂರಬಾರದು. ಈ ಕಟ್ಟುಕಟ್ಟಳೆ ಅವಳಿಗೊಬ್ಬಳಿಗೇ ಅಂತಲ್ಲ, ಅವಳು ಕೂತ ಕೋಣೆಯಲ್ಲಿ ಭಾವನೂ ನಿಲ್ಲುವ ಹಾಗಿಲ್ಲ. ಇಪ್ಪತ್ತೆರಡು ವರ್ಷ ಒಂದೇ ಮನೆಯಲ್ಲಿ, ಒಂದೇ ಒಲೆಯ ಅನ್ನ ಉಂಡು, ಆ ಇಬ್ಬರು ಒಂದು ಮಾತು ಆಡಿದವರಲ್ಲ. ಒಂದು ಚೂರು ಉಪ್ಪು ಬೇಕಾದರೂ ನಡುವೆ ಇನ್ನೊಬ್ಬರು ಬೇಕು, ಯಾರೂ ಇಲ್ಲದಿದ್ದರೆ ಕಂಬಕ್ಕೆ ಹೇಳಿದ ಹಾಗೆ ಹೇಳಬೇಕು.

ಇಷ್ಟೆಲ್ಲ ಗೊತ್ತಿದ್ದೇ ಜತ್ತಪ್ಪ ಗೌಡರು ಅವಳನ್ನು ಮೆಂಬರು ಮಾಡಿದ್ದು! ತಮ್ಮ ಹೆಂಡತಿ ಕುಮುದಿನಿಯನ್ನೇ ನಿಲ್ಲಿಸಬಹುದಿತ್ತಲ್ಲ ಎಂದು ಯಾರಾದರೂ ಕೇಳಿಯಾರು. ಕುಮುದಿನಿಗೆ ಬಾಯಿ ಉಂಟು ಮಾರಾಯ್ರೆ, ಗಂಡನ ಎದುರೂ ಉಂಟು. ತಿಮ್ಮಕ್ಕನಿಗೆ ಮೂರನೇ ಕ್ಲಾಸಿನವರೆಗೆ ಓದು ಉಂಟು, ಬಾಯಿ ಇಲ್ಲ. ಚೇರ್ಮನ್ನರಿಗೆ ಇದಕ್ಕಿಂತ ಒಳ್ಳೆಯ ಮೆಂಬರು ಎಲ್ಲಿ ಸಿಗಬೇಕು?

ಹನ್ನೊಂದು ತಿಂಗಳು ಹೀಗೇ ನಡೆಯಿತು. ಮೀಟಿಂಗು ಮುಗಿಯುವಾಗ ಗುಮಾಸ್ತ ಅಚ್ಚುತ ನಿರ್ಣಯದ ಪುಸ್ತಕ ಹಿಡಿದುಕೊಂಡು ಬಾಗಿಲ ಸಂದಿಯಿಂದ ಒಳಗೆ ಬರುತ್ತಿದ್ದ. "ಅಕ್ಕ, ಇಲ್ಲೊಂದು ರುಜು" ಎಂದು ಬೆರಳು ಇಡುತ್ತಿದ್ದ. ಅವಳು ಹಾಕುತ್ತಿದ್ದಳು. ಶಾಲೆಯ ಮಕ್ಕಳಿಗೆ ಹಾಲಿನ ಪುಡಿ, ಬಾವಿಗಳಿಗೆ ಬಿಳಿ ಮದ್ದು, ಕಕ್ಕಸಿನ ಗುಂಡಿಗೆ ಸಿಮೆಂಟಿನ ಬಳೆ, ಎಲ್ಲದಕ್ಕೂ ಅವಳ ರುಜು ಬಿದ್ದಿತ್ತು. ಊರಿನ ಹೆಂಗಸರು ಅವಳನ್ನು ಕಂಡರೆ "ಓಹೋ, ಮೆಂಬರಮ್ಮ!" ಎಂದು ತಮಾಷೆ ಮಾಡುತ್ತಿದ್ದರು. ಅವಳೂ ನಗುತ್ತಿದ್ದಳು.

ನಗು ನಿಂತದ್ದು ಹೊಳೆ ದಾಟುವ ಸಂಕದ ವಿಷಯ ಬಂದಾಗ.

ಬಾಳೆಕಜೆಯನ್ನು ಹೊಳೆ ಎರಡು ಮಾಡಿತ್ತು. ಈಚೆ ಕಲ್ಲುಗುಂಡಿಗೆ ಹೋಗುವ ದಾರಿ, ಪಂಚಾಯತಿ, ನರ್ಸಮ್ಮನ ಕೋಣೆ. ಆಚೆ ನಲವತ್ತು ಮನೆ. ಬೇಸಗೆಯಲ್ಲಿ ಮೊಣಕಾಲು ನೀರು, ಯಾರೂ ದಾಟಬಹುದು. ಮಳೆ ಹಿಡಿಯಿತೆಂದರೆ ನಾಲ್ಕು ತಿಂಗಳು ಆಚೆಯವರು ಆಚೆ, ಈಚೆಯವರು ಈಚೆ.

ಆ ಆಚೆಯ ನಲವತ್ತು ಮನೆಯಲ್ಲಿ ಒಂದು, ತಿಮ್ಮಕ್ಕನ ಒಬ್ಬಳೇ ಮಗಳು ಸೇವಂತಿಯ ಗಂಡನ ಮನೆ. ಹೋದ ವರ್ಷ ಸೇವಂತಿಗೆ ಚೊಚ್ಚಲು. ಸೀಮಂತ ಮಾಡಿ ತವರಿಗೆ ಕರೆದುಕೊಂಡು ಬರುವ ದಿನ ನೋಡಿಟ್ಟಾಗಿತ್ತು. ಅದಕ್ಕಿಂತ ಮೊದಲೇ, ಎಂಟು ತಿಂಗಳಿಗೆ, ಹೊಟ್ಟೆನೋವು ಎದ್ದಿತು. ಹೊಳೆ ಎರಡೂ ದಡ ತುಂಬಿ ಕೆಂಪಗೆ ಹೋಗುತ್ತಿತ್ತು. ಕೇರಳದಿಂದ ಬಂದ ನರ್ಸಮ್ಮ ಸಿಸಿಲಿ ಪೆಟ್ಟಿಗೆ ಹಿಡಿದುಕೊಂಡು ಬೆಳಗಿನಿಂದ ಸಂಜೆಯವರೆಗೆ ಈಚೆ ದಡದಲ್ಲಿ ನಿಂತಳು. ತಿಮ್ಮಕ್ಕನೂ ಅವಳ ಪಕ್ಕದಲ್ಲಿ ನಿಂತಿದ್ದಳು. ಸಂಜೆ ಆಚೆ ದಡಕ್ಕೆ ಅಳಿಯ ಬಂದು ಕೈ ಆಡಿಸಿದ, ಇಲ್ಲ ಎಂದು. ಮಗಳು ಉಳಿದಳು, ಮಗು ಉಳಿಯಲಿಲ್ಲ.

ಈಗ ಸೇವಂತಿ ಪುನಃ ಬಸುರಿ. ಆಟಿ ತಿಂಗಳಿಗೆ, ಮಳೆಯ ನಟ್ಟನಡುವೆ, ಹೆರಿಗೆ. ಮೊದಲೇ ಕರೆದುಕೊಂಡು ಬರುವ ಎಂದರೆ ಅವಳ ಅತ್ತೆ ಒಪ್ಪಲಿಲ್ಲ. "ಚೊಚ್ಚಲು ತವರಿನಲ್ಲಿ, ಎರಡನೆಯದು ಗಂಡನ ಮನೆಯಲ್ಲಿ. ನಮ್ಮಲ್ಲಿ ಹಾಗೇ ನಡೆದು ಬಂದದ್ದು" ಎಂದುಬಿಟ್ಟಳು. ಸತ್ತ ಮಗುವೂ ಲೆಕ್ಕಕ್ಕೆ ಚೊಚ್ಚಲೇ! ಎಂಥ ಲೆಕ್ಕವೋ, ಕೇಳಿದವರ ಹೊಟ್ಟೆ ಉರಿಯಬೇಕು.

ಹೀಗಿರುವಾಗ ಪುತ್ತೂರಿನ ಬ್ಲಾಕ್ ಆಫೀಸಿನಿಂದ ಕಾಗದ ಬಂತು. ಈ ವರ್ಷ ಬಾಳೆಕಜೆಗೆ ಒಂದು ಕಾಲುಸಂಕ. ಕಲ್ಲಿನ ಕಂಬ, ಮರದ ಹಾಸು. ಅರ್ಧ ಸರಕಾರದ್ದು, ಅರ್ಧ ಊರವರ ಶ್ರಮದಾನ. ಎಲ್ಲಿ ಕಟ್ಟಬೇಕೆಂದು ಪಂಚಾಯತಿ ನಿರ್ಣಯ ಮಾಡಿ ಹತ್ತನೇ ತಾರೀಕಿನ ಒಳಗೆ ಕಳಿಸಬೇಕು. ಸುದ್ದಿ ಕೇಳಿದ ದಿನ ತಿಮ್ಮಕ್ಕ ಮನೆಯ ದೈವಕ್ಕೆ ತೆಂಗಿನಕಾಯಿ ಇಟ್ಟಳು. ಬೇಸಗೆಯಲ್ಲಿ ಎಲ್ಲರೂ ದಾಟುವ ಪಾರೆಕಡವಿನಲ್ಲಿ ಕಟ್ಟುತ್ತಾರೆ, ಇನ್ನೆಲ್ಲಿ? ನರ್ಸಮ್ಮನ ಕೋಣೆ ಅಲ್ಲೇ ಮೇಲೆ, ಆಚೆ ನಲವತ್ತು ಮನೆಗೂ ಅದೇ ದಾರಿ.

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ. ಫೆಬ್ರವರಿಯ ಮೀಟಿಂಗಿನಲ್ಲಿ ಅಚ್ಚುತ ಪುಸ್ತಕ ತಂದು ಬೆರಳಿಟ್ಟ. ತಿಮ್ಮಕ್ಕ ಪೆನ್ನು ಹಿಡಿದವಳು ಅಂದು ಯಾಕೋ ಬೆರಳಿನ ಮೇಲಿನ ಸಾಲು ಓದಿದಳು. "ಮಹಿಳಾ ಸದಸ್ಯೆ ಶ್ರೀಮತಿ ತಿಮ್ಮಕ್ಕನವರ ಸೂಚನೆಯಂತೆ, ಕಾಲುಸಂಕವನ್ನು ಕೆಳಗಿನ ತೋಟದ ಬದಿಯಲ್ಲಿ ಕಟ್ಟುವುದೆಂದು ನಿರ್ಣಯಿಸಲಾಯಿತು."

ಕೆಳಗಿನ ತೋಟ ಎಂದರೆ ಜತ್ತಪ್ಪ ಗೌಡರ ತೋಟ. ಹೊಳೆಯ ಎರಡೂ ಬದಿ ಅವರದೇ. ಅಲ್ಲಿ ಸಂಕವಾದರೆ ದಾಟಿದವರು ಗೌಡರ ಬೇಲಿಯೊಳಗೇ ಇಳಿಯಬೇಕು. ಅಲ್ಲಿಂದ ಆಚೆಯ ಮನೆಗಳಿಗೆ ಗುಡ್ಡೆ ಸುತ್ತಿ ಎರಡು ಮೈಲಿ, ನಡುವೆ ಮಳೆಗೆ ತುಂಬಿ ಹರಿಯುವ ಇನ್ನೊಂದು ತೋಡು. ಆ ತೋಡಿಗೆ ಸಂಕ ಇಲ್ಲ.

"ಇದು ನಾನು ಹೇಳಿದ್ದಾ? ಯಾವಾಗ ಹೇಳಿದೆ?" ಎಂದು ತಿಮ್ಮಕ್ಕ ಪಿಸುಗುಟ್ಟಿದಳು.

"ಹೆಂಗಸರು ಸೂಚಿಸಿದ್ದು ಅಂದ್ರೆ ಬ್ಲಾಕಿನವರಿಗೆ ಖುಷಿ ಅಂತೆ, ಬೇಗ ಪಾಸು ಮಾಡ್ತಾರಂತೆ" ಎಂದ ಅಚ್ಚುತ. ಅವನ ಮುಖ ಸಣ್ಣದಾಗಿತ್ತು. "ನಾನೆಂತ ಮಾಡುದು ಅಕ್ಕ? ಅವರು ಹೇಳಿದ್ರು, ನಾನು ಬರೆದೆ."

"ನಾನು ರುಜು ಹಾಕುದಿಲ್ಲ. ಸಂಕ ಪಾರೆಕಡವಿನಲ್ಲಿ ಆಗ್ಬೇಕು. ಹಾಗೆ ಬರಿ."

"ಅಯ್ಯೋ, ಬಾಗಿಲ ಹಿಂದಿನ ಮಾತು ಪುಸ್ತಕಕ್ಕೆ ಬರೂದಿಲ್ಲ ಅಕ್ಕ. ಕಾನೂನು ಹಾಗುಂಟು. ಮೆಂಬರು ಮೀಟಿಂಗಿನಲ್ಲಿ ಇದ್ದು ಚೇರ್ಮನ್ರಿಗೆ ಮುಖ ಕೊಟ್ಟು ಹೇಳ್ಬೇಕು. ಆಗ ಬರೀಲಿಕ್ಕೆ ಆಗ್ತದೆ."

ಒಳ್ಳೆಯ ಕಥೆ! ಮನೆಯ ಕಟ್ಟು ಹೇಳುತ್ತದೆ, ಮುಖ ಕೊಡಬೇಡ. ಸರಕಾರದ ಕಟ್ಟು ಹೇಳುತ್ತದೆ, ಮುಖ ಕೊಡದಿದ್ದರೆ ನಿನ್ನ ಮಾತು ಮಾತೇ ಅಲ್ಲ. ಅತ್ತ ದರಿ, ಇತ್ತ ಪುಲಿ. ತಿಮ್ಮಕ್ಕ ಬಾಗಿಲ ದಾರಂದವನ್ನು ನೋಡಿಕೊಂಡು, ಮನೆಯಲ್ಲಿ ಕಂಬಕ್ಕೆ ಹೇಳುವ ಹಾಗೆ, ಸ್ವಲ್ಪ ಗಟ್ಟಿಯಾಗಿಯೇ ಹೇಳಿದಳು: "ಸಂಕ ಪಾರೆಕಡವಿನಲ್ಲಿ ಆದ್ರೆ ನಲವತ್ತು ಮನೆಗೆ ಉಪಕಾರ ಉಂಟು."

ಹೊರಗಿನಿಂದ ಜತ್ತಪ್ಪ ಗೌಡರ ದನಿ ಬಂತು. "ಏ ಅಚ್ಚುತ, ಉಗ್ರಾಣದಲ್ಲಿ ಹೆಗ್ಗಣ ಉಂಟಾ ನೋಡು." ಮೆಂಬರುಗಳು ನಕ್ಕರು. ನಗದಿದ್ದರೆ ಆಗುತ್ತದೆಯೇ? ಗೌಡರ ತೋಟದಲ್ಲಿ ಕೆಲಸ ಮಾಡದ, ಗೌಡರ ಹತ್ತಿರ ಬಿತ್ತಿನ ಭತ್ತ ಕೇಳದ ಗಂಡಸು ಅಲ್ಲಿ ಒಬ್ಬನೂ ಇರಲಿಲ್ಲ.

ಆ ನಗು ತಿಮ್ಮಕ್ಕನಿಗೆ ಕೆನ್ನೆಗೆ ಹೊಡೆದ ಹಾಗಾಯಿತು. ಹೆಗ್ಗಣವಂತೆ! ಹೊಳೆಯ ದಡದಲ್ಲಿ ಅಳಿಯ ಕೈ ಆಡಿಸಿದ್ದು ಅವಳ ಕಣ್ಣಿಗೆ ಕಟ್ಟಿತು. ಏನಾದರಾಗಲಿ ಎಂದುಕೊಂಡಳು. ಸೆರಗು ಬಿಗಿದು ಎದ್ದಳು, ಬಾಗಿಲು ದೂಡಿ ಮೀಟಿಂಗಿನ ಕೋಣೆಗೆ ಬಂದಳು. ಅವಳ ಹೆಸರಿನ ಕುರ್ಚಿಯ ಮೇಲೆ ಯಾರದೋ ಕೊಡೆ ಇತ್ತು. ಅದನ್ನು ತೆಗೆದು ನೆಲದಲ್ಲಿಟ್ಟು ಕೂತಳು. ಬೆನ್ನು ತಾಗಿಸಿಯೇ ಕೂತಳು.

ಜತ್ತಪ್ಪ ಗೌಡರು ಸೂಜಿ ಚುಚ್ಚಿದ ಹಾಗೆ ಎದ್ದು ನಿಂತರು. ಮುಖ ಗೋಡೆಗೆ ತಿರುಗಿಸಿದರು. ಬೈಯಬೇಕು, ಆದರೆ ತಮ್ಮನ ಹೆಂಡತಿಗೆ ಬೈಯುವುದೆಂದರೆ ಅವಳೊಂದಿಗೆ ಮಾತಾಡಿದ ಹಾಗೆ. ಕೂರಬೇಕು, ಆದರೆ ಅವಳು ಕೂತಿದ್ದಾಳೆ. ಊರಿಗೆಲ್ಲ ಕಟ್ಟುಕಟ್ಟಳೆ ಹೇಳುವ ಮನುಷ್ಯ ಏಳು ಜನರ ಎದುರು ಅದನ್ನು ಮುರಿಯುವುದು ಹೇಗೆ? ಹೆಗಲಿನ ವಸ್ತ್ರ ಕೊಡವಿ, ಒಂದೂ ಮಾತಾಡದೆ, ಮೆಟ್ಟಿಲು ಇಳಿದು ಅಂಗಳಕ್ಕೆ ಹೋದರು.

ಹೀಗಾಗುತ್ತದೆಂದು ತಿಮ್ಮಕ್ಕ ಎಣಿಸಿಯೇ ಇರಲಿಲ್ಲ. ವೈಸ್ ಚೇರ್ಮನ್ ತೀರ್ಥರಾಮ ಬೆವರು ಒರೆಸಿಕೊಂಡ. "ಈಗ ಎಂತ ಮಾಡುದು ಮಾರಾಯ್ರೆ?"

ಅಚ್ಚುತ ಮೆಲ್ಲಗೆ ಹೇಳಿದ: "ಚೇರ್ಮನ್ರು ಎದ್ದು ಹೋದ್ರೆ ವೈಸ್ ಚೇರ್ಮನ್ರು ಮೀಟಿಂಗು ನಡೆಸ್ಬೇಕು ಅಂತ ಉಂಟು."

"ಹಾಗಾದ್ರೆ ನಡೆಸಿ" ಎಂದ ಮೆಂಬರು ಪೋಕರ್. ಒಣಮೀನಿನ ವ್ಯಾಪಾರದ ಪೋಕರ್‌ಗೆ ಆಚೆ ದಡದಲ್ಲೇ ಮನೆ. "ತಿಮ್ಮಕ್ಕ ಹೇಳುದು ಸರಿ ಉಂಟಲ್ಲ. ಎಲ್ಲರಿಗೂ ಗೊತ್ತುಂಟಲ್ಲ. ಬಾಯಿ ಬಿಡ್ಲಿಕ್ಕೆ ನಮಗೆ ಧೈರ್ಯ ಇಲ್ಲದ್ದು ಬೇರೆ."

ತಿಮ್ಮಕ್ಕ ತೀರ್ಥರಾಮನಿಗೆ ಮುಖ ಕೊಟ್ಟು, ಎಲ್ಲರಿಗೂ ಕೇಳುವ ಹಾಗೆ ಹೇಳಿದಳು. ಹೋದ ಮಳೆಗಾಲದ ಸುದ್ದಿಯನ್ನೂ ಹೇಳಿದಳು. ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲಿಲ್ಲ. ಕೈ ಎತ್ತಿಸಿದಾಗ ಪಾರೆಕಡವಿಗೆ ನಾಲ್ಕು, ಕೆಳಗಿನ ತೋಟಕ್ಕೆ ಎರಡು. ತೀರ್ಥರಾಮ ಯಾವುದಕ್ಕೂ ಎತ್ತಲಿಲ್ಲ. ಅಚ್ಚುತ ಹಳೆಯ ಸಾಲು ಹೊಡೆದುಹಾಕಿ ಹೊಸದು ಬರೆದ, ತಿಮ್ಮಕ್ಕ ರುಜು ಹಾಕಿದಳು.

ಮನೆಗೆ ಬರುವಾಗ ಸುದ್ದಿ ಅವಳಿಗಿಂತ ಮೊದಲೇ ಬಂದು ಕೂತಿತ್ತು. ಜಗಲಿಯಲ್ಲಿ ಭಾವ ಇರಲಿಲ್ಲ. ಅಡಿಗೆಮನೆಯಲ್ಲಿ ಕುಮುದಿನಿ ಸೌಟು ಕುಕ್ಕಿದಳು. "ಊರಿಗೆ ಉಪಕಾರಿ, ಮನೆಗೆ ಮಾರಿ! ಅವರು ಮಧ್ಯಾಹ್ನದಿಂದ ಒಂದು ಹನಿ ನೀರು ಮುಟ್ಲಿಲ್ಲ, ಗೊತ್ತುಂಟಾ?"

ದೇರಣ್ಣ ಹಿಂದಿನ ಚಾವಡಿಯಲ್ಲಿ ತಲೆ ತಗ್ಗಿಸಿ ಕೂತಿದ್ದ. ಅವನ ಕೈಯಲ್ಲಿ ಒಂದು ಕಾಗದ. ಮನೆಯ ಕೆಲಸ ಹೆಚ್ಚಾದ ಕಾರಣ ಮೆಂಬರುಗಿರಿಗೆ ರಾಜೀನಾಮೆ ಕೊಡುತ್ತೇನೆ ಎಂದು ಅವಳ ಹೆಸರಿನಲ್ಲಿ ಬರೆದಾಗಿತ್ತು.

"ಇದಕ್ಕೆ ರುಜು ಹಾಕಿದ್ರೆ ಅಣ್ಣ ಉಣ್ತಾನೆ" ಎಂದ. "ಇಲ್ಲಾಂದ್ರೆ ನಾವಿಬ್ರೂ ಮನೆ ಬಿಡ್ಬೇಕು. ಗದ್ದೆ, ತೋಟ ಎಲ್ಲ ಅವನ ಹೆಸರಲ್ಲಿ ಉಂಟು. ಎಲ್ಲಿಗೆ ಹೋಗುದು ತಿಮ್ಮಕ್ಕ?"

"ಇಷ್ಟೆಯಾ?"

ದೇರಣ್ಣ ಕಾಗದವನ್ನು ಅವಳ ಎದುರು ಇಟ್ಟ. "ಇನ್ನೊಂದುಂಟು. ಸಂಕ ಅಲ್ಲಿಯೇ ಕಟ್ಟಿದ್ರೆ ಕಟ್ಟಿಕೊಳ್ಳಲಿ, ಈ ಮನೆಯವರ ಕಾಲು ಅದರ ಮೇಲೆ ಬೀಳಬಾರದು ಅಂತ ದೈವದ ಎದುರು ಹೇಳಿಬಿಟ್ಟಿದ್ದಾನೆ."

ತಿಮ್ಮಕ್ಕ ಅಂದು ಉಣ್ಣಲಿಲ್ಲ, ರುಜು ಹಾಕಲೂ ಇಲ್ಲ. ಬೆಳಿಗ್ಗೆ ನೀರಿಗೆ ಹೋದವಳು ಕೊಡವನ್ನು ಬಾವಿಕಟ್ಟೆಯಲ್ಲೇ ಬಿಟ್ಟು ಅಚ್ಚುತನ ಮನೆಯ ಬೇಲಿಗೆ ಹೋದಳು. "ನಾನು ಮೆಂಬರುಗಿರಿ ಬಿಟ್ರೆ ಸಂಕ ಬೀಳ್ತದಾ?" ಎಂದು ಕೇಳಿದಳು. ಅವನು ಯೋಚಿಸಿ ಹೇಳಿದ: "ಇಲ್ಲ ಅಕ್ಕ. ಪಾಸಾದ ನಿರ್ಣಯವನ್ನು ಮೂರು ತಿಂಗಳು ಮುಟ್ಲಿಕ್ಕೆ ಇಲ್ಲ. ಅಷ್ಟರಲ್ಲಿ ಕಂಬ ಎದ್ದಿರ್ತದೆ. ನಿನ್ನೆಯೇ ತಪಾಲಿಗೆ ಹಾಕಿ ಆಯ್ತು." ಅವಳು ಮನೆಗೆ ಬಂದು ರಾಜೀನಾಮೆಗೆ ರುಜು ಹಾಕಿದಳು. ಮಧ್ಯಾಹ್ನ ಭಾವ ಉಂಡರು. ಎರಡು ಸಲ ಸಾರು ಹಾಕಿಸಿಕೊಂಡರು ಎಂದು ಕುಮುದಿನಿ ಹೇಳಿದಳು.

ಏಪ್ರಿಲಿನಲ್ಲಿ ಮನೆಗೊಬ್ಬರಂತೆ ಊರೆಲ್ಲ ಹೊಳೆಗೆ ಇಳಿಯಿತು. ಕಲ್ಲು ಹೊತ್ತರು, ಮರ ಎಳೆದರು. ಜತ್ತಪ್ಪ ಗೌಡರ ಮನೆಯಿಂದ ಮಾತ್ರ ಯಾರೂ ಹೋಗಲಿಲ್ಲ. ಮರ ಎಳೆಯುವವರ ಕೂಗು ತಿಮ್ಮಕ್ಕನಿಗೆ ಹಿತ್ತಿಲಿಗೆ ಕೇಳುತ್ತಿತ್ತು. ಅವಳು ದನಕ್ಕೆ ಸೊಪ್ಪು ಕೊಚ್ಚುತ್ತಾ ಕೇಳುತ್ತಿದ್ದಳು. ಮೇ ಮುಗಿಯುವ ಮೊದಲು ಸಂಕ ಆಯಿತು, ಅವಳು ಕಣ್ಣಿಂದ ನೋಡಲಿಲ್ಲ.

ಆಟಿಯ ಎಂಟನೇ ದಿನ, ಮೂರು ಹಗಲು ಬಿಡದೆ ಹೊಡೆದ ಮಳೆ ಸ್ವಲ್ಪ ನಿಂತಾಗ, ನರ್ಸಮ್ಮ ಸಿಸಿಲಿ ಹಿತ್ತಿಲ ಬಾಗಿಲಿಗೆ ಬಂದಳು. ಕೈಯಲ್ಲಿ ಪೆಟ್ಟಿಗೆ, ಸೀರೆಯ ಅಂಚು ಕೆಸರು.

"ಗಂಡು ಕುಞ್ಞಿ, ಗಂಡು ಮಗು!" ಎಂದಳು ಸಿಸಿಲಿ. "ಅಡ್ಡ ಬಂದಿತ್ತು. ನಾನು ಇಲ್ಲದಿದ್ರೆ ಇಬ್ಬರೂ ಇಲ್ಲ. ಕರ್ತಾವೇ, ದೇವರೇ, ಹೊಳೆ ಸಂಕದ ಕೆಳಗೆ ಒಂದು ಗೇಣು ಉಂಟು ಅಷ್ಟೆ! ಈಗ ಅಮ್ಮನೂ ಮಗನೂ ಚೆನ್ನಾಗಿ ಉಂಟು."

ತಿಮ್ಮಕ್ಕ ಅವಳ ಎರಡೂ ಕೈ ಹಿಡಿದುಕೊಂಡು ಅತ್ತಳು, ಅಳುತ್ತಲೇ ನಕ್ಕಳು. ಮಗು ಯಾರ ಹಾಗೆ ಉಂಟು, ತಲೆಯಲ್ಲಿ ಕೂದಲುಂಟಾ, ಹಾಲು ಕುಡಿಯಿತಾ, ಒಂದೇ ಉಸಿರಿಗೆ ಕೇಳಿದಳು. ಬಾಣಂತಿ ಮದ್ದಿನ ಲೇಹ್ಯವನ್ನು ಬಾಳೆಲೆಯಲ್ಲಿ ಕಟ್ಟಿ ಕೊಟ್ಟಳು.

"ನಾನು ಸಂಜೆ ಪುನಃ ಹೋಗುದುಂಟು" ಎಂದಳು ಸಿಸಿಲಿ. "ಒಟ್ಟಿಗೆ ಬನ್ನಿ ಮಾರಾಯ್ತಿ. ಸಂಕ ಗಟ್ಟಿ ಉಂಟು, ಹೆದರ್ಬೇಡಿ. ಅಮ್ಮ ಯಾವಾಗ ಬರ್ತಾರೆ ಅಂತ ಸೇವಂತಿ ಮೂರು ಸಲ ಕೇಳಿದ್ಳು. ಎಂತ ಹೇಳ್ಲಿ?"

ತಿಮ್ಮಕ್ಕ ಹೊಳೆಯ ಕಡೆಗೆ ಕಿವಿ ಕೊಟ್ಟಳು. ನೀರು ಇಳಿಯಬೇಕಾದರೆ ದಸರಾ ಕಳೆಯಬೇಕು. ಅಷ್ಟರಲ್ಲಿ ಮಗು ಮಗ್ಗುಲು ಮಗುಚಿರುತ್ತದೆ.

"ನೀರು ಮೊಣಕಾಲಿಗೆ ಇಳಿದ ದಿನ ಬರ್ತೇನೆ ಅಂತ ಹೇಳಿ ನರ್ಸಮ್ಮ" ಎಂದಳು. "ಸಂಕಕ್ಕೆ ಕಾಲು ಇಡಬಾರದು ಅಂತ ನಮ್ಮಲ್ಲಿ ಹೇಳಿದ್ದು. ಹೊಳೆಗೆ ಇಳಿಯಬಾರದು ಅಂತ ಯಾರೂ ಹೇಳ್ಲಿಲ್ಲ."