ಹಂಡೆಯ ಮುಂದೆ ಮಾತಿಲ್ಲ

ನಮ್ಮತ್ತೆಗೆ ಕೋಪ ಮೂಗಿನ ತುದೀಲಿ ಅಂತಾರೆ ಜನ. ಸುಳ್ಳು. ಅವರ ಕೋಪ ಇರೋದು ಲೋಟದ ತುದೀಲಿ. ಮನೆಯ ಹಿಂಭಾಗದಲ್ಲೇ ಬಿಯರ್ ಕುದಿಸೋ ಸಣ್ಣ ಕಾರ್ಖಾನೆ ನಮ್ಮದು. ಹೊಸ ಬಿಯರು ಸಿದ್ಧವಾದ ದಿನ ಅತ್ತೆ ಒಂದು ಗುಟುಕು ಕುಡಿದು ಉಳಿದದ್ದನ್ನು ಮೋರಿಗೆ ಚೆಲ್ಲಿದರೆ ಮುಗೀತು, ಇಡೀ ಪೀಪಾಯಿ ಆ ಲೋಟದ ಹಿಂದೆಯೇ ಮೋರಿಗೆ. ನಮ್ಮ ದುಡಿಮೆಯೆಲ್ಲಾ ಹೊಳೇಲಿ ಹುಣಸೆಹಣ್ಣು ತೊಳೆದಂಗೆ. ಚೆಲ್ಲದೆ ಲೋಟ ಕೆಳಗಿಟ್ಟರೆ ಪಾಸು. ಅವರು ಎರಡನೇ ಲೋಟ ಕೇಳಿದ್ದನ್ನಂತೂ ನಾನು ಈ ಮನೆಗೆ ಬಂದಮೇಲೆ ಕಂಡಿಲ್ಲ.

ಈ ಸಲದ್ದು ನನ್ನ ಬಿಯರು. ಎಲೆ ಉದುರೋ ಕಾಲಕ್ಕೆ ಅಂತ ವರ್ಷಕ್ಕೊಮ್ಮೆ ಮಾಡೋ ಆಂಬರ್ ಏಲ್. ಬಣ್ಣ ಕೆಂಪು, ಸರಕು ಭಾರಿ, ಎರಡು ಲೋಟಕ್ಕೆ ಕಾಲು ನೆಲ ಹುಡುಕುತ್ತೆ. ಮಂಡಿನೋವು ತಡೆಯಲಾರದೆ ಅತ್ತೆ ಹೇಳಿದ್ದರು: "ಇದು ಪಾಸಾದ್ರೆ ಹುಟ್ಟು ನಿನ್ನ ಕೈಗೆ. ಇಲ್ಲಾಂದ್ರೆ ಹೊರಗಿನವರನ್ನ ಕರೆಸ್ತೀನಿ." ಹುಟ್ಟು ಅಂದರೆ ಹಂಡೆ ಕಲಕೋ ಆಳೆತ್ತರದ ಮರದ ಕೋಲು. ಅದು ಯಾರ ಕೈಲಿದೆಯೋ ಅವರದೇ ಬಿಯರು. ನನಗದು ಬೇಕಿತ್ತು ಕಣ್ರೀ. ನಾಚಿಕೆ ಬಿಟ್ಟು ಹೇಳ್ತೀನಿ, ಬಂಗಾರದ ಬಳೆಗಿಂತ ಹೆಚ್ಚಾಗಿ ಬೇಕಿತ್ತು.

ಅತ್ತೆಯ ಇನ್ನೊಂದು ಕಾನೂನು ಹೇಳಬೇಕು. ಹಂಡೆ ಕುದಿಯುವಾಗ ಯಾರೂ ತುಟಿ ಬಿಚ್ಚಬಾರದು. ಒಮ್ಮೆ ಮಾತಿಗೆ ಮಾತು ಬೆಳೆದು ಹಂಡೆ ತಳ ಹತ್ತಿತ್ತಂತೆ. ಅಂದಿನಿಂದ ಮಾತು ಬೆಳ್ಳಿ, ಮೌನ ಬಂಗಾರ. ಕೆಮ್ಮಬೇಕಾದರೂ ಅಂಗಳಕ್ಕೆ ಹೋಗಿ ಕೆಮ್ಮಬೇಕು.

ರುಚಿ ನೋಡೋ ದಿನ ಬೆಳಗ್ಗೆ ನನ್ನ ಗಂಡ ಲೋಟ ತೊಳೀತಾ ಉದಾರವಾಗಿ ಅಂದರು, "ಹಂಡೆ ಕುದಿಸಿದ ದಿನ ಕೊನೇಲಿ ಹಾಪ್ಸ್ ಹಾಕೋದನ್ನ ಮರೆತಿದ್ದೆ ನೀನು. ಪರವಾಗಿಲ್ಲ ಬಿಡು, ನಾನೇ ಒಂದು ಬಟ್ಟಲು ಹಾಕಿದೆ."

ಹಾಪ್ಸ್ ಅಂದರೆ ಬಳ್ಳಿಯ ಹಸಿರು ಹೂವು. ಬಿಯರಿನ ಕಹಿ, ಘಮ ಎರಡೂ ಅದರದ್ದೇ. ಒಂದು ಬಟ್ಟಲಿಗಿಂತ ಹೆಚ್ಚಾದರೆ ಕಷಾಯ.

"ರೀ! ನಾನು ಹಾಕಿದ್ದೆ!"

"ಕಿಟಕಿ ಕಡೆ ನೋಡ್ತಾ ನಿಂತಿದ್ದೆಯಲ್ಲೇ?"

"ಹಾಕಿ ಆದಮೇಲೆ ನಿಂತಿದ್ದೆ! ಕೇಳಬಾರದಿತ್ತಾ?"

"ಹಂಡೆ ಮುಂದೆ ಹೇಗೆ ಕೇಳಲಿ?" ಅಂತ ಇಂಗು ತಿಂದ ಮಂಗನ ಹಾಗೆ ನಿಂತರು. ಇಷ್ಟರಲ್ಲಿ ಬಾಗಿಲು ಬಡಿದ ಸದ್ದು.

ಅತ್ತೆಗಿಂತ ಮೊದಲು ಅಕ್ಕಪಕ್ಕದ ಇಬ್ಬರು ರುಚಿ ನೋಡಿ ಅಭಿಪ್ರಾಯ ಹೇಳೋದು ನಮ್ಮಲ್ಲಿ ಪದ್ಧತಿ. ಒಬ್ಬರು ಬೇಕರಿಯಣ್ಣ, ಇನ್ನೊಬ್ಬರು ಎದುರು ಅಂಗಡಿಯ ಟೈಲರಕ್ಕ. ಉಗಿಯೋ ಹಾಗಿಲ್ಲ, ನುಂಗಲೇಬೇಕು. ಬಿಯರಿನ ಕಹಿ ಗಂಟಲಿಳಿದ ಮೇಲೇ ಗೊತ್ತಾಗೋದು.

ಬೇಕರಿಯಣ್ಣ ಲೋಟವನ್ನ ಕಿಟಕಿಯ ಬಿಸಿಲಿಗೆ ಹಿಡಿದರು. "ಆಹಾ, ಗಟ್ಟಿ ಡಿಕಾಕ್ಷನ್ ಬಣ್ಣ." ಮೂಗಿಟ್ಟರು. "ಕಿತ್ತಳೆ ಸಿಪ್ಪೆ. ಬಡಗಿ ಅಂಗಡಿ ಮುಂದೆ ನಿಂತಂಗೂ ಇದೆ." ಕುಡಿದರು. "ಮೊದಲು ಸುಟ್ಟ ಸಕ್ಕರೆ, ಆಮೇಲೆ ನನ್ನ ಬ್ರೆಡ್ಡಿನ ಅಂಚು, ಆಮೇಲೆ... ಅಯ್ಯಪ್ಪಾ!" ಕಹಿ ಹತ್ತಿತು. ಕಣ್ಣು ಮುಚ್ಚಿದರು. ಕಣ್ಣು ಬಿಟ್ಟವರೇ ಲೋಟ ಚಾಚಿದರು. "ಆ ಅಯ್ಯಪ್ಪಾ ಇನ್ನೊಂದ್ಸಲ ನೋಡಬೇಕಮ್ಮ."

ಟೈಲರಕ್ಕ ಎರಡನೇ ಲೋಟಕ್ಕೇ ಕೊರಳಿನ ಟೇಪು ತೆಗೆದು ಪೀಪಾಯಿಯ ಸೊಂಟ ಅಳೆಯೋಕೆ ಶುರು ಮಾಡಿದರು. "ಈ ಬಿಯರಿಗೊಂದು ಕೋಟು ಹೊಲೀತೀನಿ. ನನ್ನೆದೇಲಿ ಬೆಚ್ಚಗೆ ಕೂತಿದೆ, ಪಾಪ, ಇದಕ್ಕೂ ಬೆಚ್ಚಗಿರಲಿ!" ಟೇಪಿನ ಇನ್ನೊಂದು ತುದಿ ಹಿಡಿದಿದ್ದ ನನ್ನ ಗಂಡ ನಕ್ಕೂ ನಕ್ಕೂ ಕುಸಿದು ಕೂತರು. ನಾನೂ ಒಂದು ಲೋಟ ಎತ್ತಿದೆ. ಹೇಗೂ ಮೋರಿ ಪಾಲು, ನನ್ನ ಹೊಟ್ಟೆಗಾದರೂ ಸ್ವಲ್ಪ ಹೋಗಲಿ ಅಂತ. ಕಹಿ ಮುಗೀತು ಅನ್ನುವಾಗ ಮತ್ತೆ ಸಿಹಿ ಬಂತು. ಯಾಕೋ ನಗು ತಡೆಯಲಾಗಲಿಲ್ಲ. ಎಂಥಾ ದಿನ ನಗು ಬಂತು ನೋಡಿ ನನಗೆ!

ಅತ್ತೆ ಬಂದರು. ಎಲ್ಲರೂ ಗಪ್‌ಚಿಪ್. ಟೈಲರಕ್ಕ ಮಾತ್ರ ಬಿಕ್ಕಳಿಸಿದರು.

ಅತ್ತೆ ಒಂದು ಗುಟುಕು ಕುಡಿದರು. ಮುಖದಲ್ಲಿ ಏನೂ ಇಲ್ಲ. ಲೋಟ ಹಿಡಿದುಕೊಂಡೇ ಮೋರಿ ಕಡೆ ನಡೆದರು.

ಮೋರಿಯ ಮುಂದೆ ನಿಂತು ತಿರುಗಿದರು. "ಹಾಪ್ಸ್ ಹಾಕಿದ್ದು ಯಾರು?"

"ನಾನು," ಅಂದೆ.

"ನಾನು," ಅಂದರು ನನ್ನ ಗಂಡ.

ಅತ್ತೆಯ ಭುಜ ಅಲುಗತೊಡಗಿತು. ನೆತ್ತಿಗೇರಿತು ಅಂತ ನಾನು ನೀರು ತರೋಕೆ ಓಡಿದೆ. ನೆತ್ತಿಗಲ್ಲ, ಅತ್ತೆ ನಗ್ತಾ ಇದ್ದರು! "ಹಾಗಾದ್ರೆ ಮೂರು ಬಟ್ಟಲು ಬಿತ್ತು ಬಿಡು. ನಾನೂ ಹಾಕಿದೆ ಕಣೇ! ಇವರಿಬ್ಬರೂ ಮರೆತರು, ಹುಡುಗಿ ಮರ್ಯಾದೆ ಹೋಗುತ್ತೆ ಅಂತ, ನೀವು ಬೆನ್ನು ತಿರುಗಿಸಿದಾಗ ಕದ್ದು ಹಾಕಿದೆ. ಅಲ್ಲ, ಒಬ್ಬರಾದ್ರೂ ಬಾಯಿ ಬಿಡಬಾರದಿತ್ತಾ?"

"ಬಾಯಿ ಮುಚ್ಚಿ ಅಂದೋರು ನೀವೇ ತಾನೇ ಅತ್ತೆ!"

ಅಷ್ಟು ಜೋರಾಗಿ ನಾನು ಅವರೆದುರು ಎಂದೂ ಮಾತಾಡಿರಲಿಲ್ಲ. ಬೇಕರಿಯಣ್ಣ ಪೀಪಾಯಿಯ ಹಿಂದೆ ಸರಿದರು. ಅತ್ತೆ ಲೋಟ ನೋಡಿದರು, ಮೋರಿ ನೋಡಿದರು, ನನ್ನನ್ನ ನೋಡಿದರು. ಆಮೇಲೆ ಗಟಗಟ ಅಷ್ಟನ್ನೂ ಕುಡಿದು, ಮೇಲ್ದುಟಿಯ ನೊರೆ ಒರೆಸಿ, ಖಾಲಿ ಲೋಟ ನನ್ನ ಮುಂದೆ ಚಾಚಿದರು.

"ಇನ್ನೊಂದು."

"ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ!" ಅಂತ ಕೂಗಿದ ಟೈಲರಕ್ಕ ಟೇಪನ್ನು ಹಾರದ ಹಾಗೆ ನನ್ನ ಕೊರಳಿಗೆ ಹಾಕಿದರು. ನನ್ನ ಗಂಡ ಗೋಡೆಗೊರಗಿದ್ದ ಹುಟ್ಟು ಎತ್ತಿ ತಂದರು. ಅತ್ತೆ ಅದನ್ನ ಇಸಿದುಕೊಂಡು, ಹಿಡಿ ಸವೆದ ಜಾಗವನ್ನು ಒಮ್ಮೆ ಸವರಿ, ನನ್ನ ಕೈಗಿಟ್ಟರು. ಕಡೆಗೂ ಸಿಕ್ಕಿತಲ್ಲ, ಕುಣಿಯಬೇಕು ತಾನೇ ನಾನು? ಸುಡುಗಾಡು ಕಣ್ಣೀರು ಬಂತು. ಹಂಡೆ ಬಿಟ್ಟ ಅತ್ತೆ ನಾಳೆ ಬೆಳಗ್ಗೆದ್ದು ಎಲ್ಲಿಗೆ ಹೋಗ್ತಾರೆ ಅನ್ನೋದು ಆಗಲೇ ನನಗೆ ಹೊಳೆದದ್ದು.

"ಅತ್ತೆ, ಮುಂದಿನ ವರ್ಷ ಇದೇ ರುಚಿ ಬರಬೇಕಲ್ಲ," ಅಂದೆ. "ನಾನೊಂದು ಬಟ್ಟಲು, ಇವರೊಂದು. ಮೂರನೇದು?"

"ಕದ್ದು ಹಾಕ್ತೀನಿ. ನೀನು ಕಿಟಕಿ ಕಡೆ ತಿರುಗಿರಬೇಕು."

"ತಿರುಗ್ತೀನಿ. ಪ್ರತಿ ವರ್ಷ ಬರ್ತೀರಾ?"

ಅತ್ತೆ ತುಟಿಯ ಮೇಲೆ ಬೆರಳಿಟ್ಟರು. "ಶ್! ಹಂಡೆ ಮುಂದೆ ಮಾತಾಡಬಾರದು."